ಗೂಗಲ್ಲಿನ ಮೊದಲ ಪುಟವೂ ಜಿಎಸ್‌ಟಿ ಮೇಷ್ಟ್ರೂ

ಊಟ ಮುಗಿಸಿ, ಬಾಯಿಗೊಂದು ಚೂರು ಅಡಿಕೆ ಹಾಕಿಕೊಂಡು, ಕಣ್ಣಿಗೆ ಜೋಂಪು ಹತ್ತುವ ಹೊತ್ತಿಗೆ ಸರಿಯಾಗಿ ಬರುವ ಫೋನುಗಳಲ್ಲಿ ಈಚೆಗೆ ಹೊಸದೊಂದು ಜಾತಿ ಹುಟ್ಟಿಕೊಂಡಿದೆ. ಸೈಟು ಬೇಕಾ, ಸಾಲ ಬೇಕಾ ಎನ್ನುವವರು ಹಳಬರಾದರು. ಈ ಹೊಸಬರು 1909ಕ್ಕೆ ಸಂದೇಶ ಕಳಿಸಿ ‘ನನ್ನನ್ನು ಬಿಟ್ಟುಬಿಡಿ’ ಎಂದು ಬೇಡಿಕೊಂಡವರನ್ನೂ ಬಿಡುವುದಿಲ್ಲ. “ಸಾರ್, ನಿಮ್ಮ ಬಿಸಿನೆಸ್ಸನ್ನ ಗೂಗಲ್ ಫಸ್ಟ್ ಪೇಜಿಗೆ ತಂದುಕೊಡ್ತೀವಿ. ಎರಡು ನಿಮಿಷ ಮಾತಾಡಬಹುದಾ?”

ನನಗಿರುವ ಬಿಸಿನೆಸ್ಸೆಂದರೆ ಬೆಳಿಗ್ಗೆ ಹಾಲು ತರುವುದು, ಸಂಜೆ ಊರ ಉಸಾಬರಿ ನೋಡುವುದು. ಎರಡಕ್ಕೂ ಮೊದಲ ಪುಟದ ಅಗತ್ಯವಿಲ್ಲ. ಆದರೂ ತಾವಾಗಿಯೇ ಮಾತಿಗೆ ಸಿಕ್ಕವರನ್ನು ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ.

“ನಿಮ್ಮ ಕಂಪನಿ ಫಸ್ಟ್ ಪೇಜಲ್ಲಿ ಇದೆಯೇನಮ್ಮ?”

“ನಂಬರ್ ಒನ್ ಇದೆ ಸಾರ್!”

“ಸಂತೋಷ. ಹಾಗಿದ್ರೆ ಗಿರಾಕಿಗಳು ಅಲ್ಲೇ ನೋಡಿಕೊಂಡು ಸಾಲುಗಟ್ಟಿ ಬರ್ತಿರಬೇಕು. ಮತ್ತೆ ನನಗ್ಯಾಕೆ ಫೋನ್ ಮಾಡಿದಿರಿ?”

ಆ ಕಡೆ ಸ್ವಲ್ಪ ಹೊತ್ತು ಬರೀ ಗುಜುಗುಜು. “ಸಾರ್, ವಾಯ್ಸ್ ಬ್ರೇಕ್ ಆಗ್ತಿದೆ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಗೂಗಲ್ಲಿನ ಮಹಿಮೆ ಮಾರುವವರ ಅಂಗಡಿ ನಡೆಯುತ್ತಿರುವುದೇ ಫೋನಿನ ಮೇಲೆ. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ, ಅವಳಿಗೂ ತಿಂಗಳ ಟಾರ್ಗೆಟ್ಟು ಇರುತ್ತದೆ. ನಾನು ಛೇಡಿಸುತ್ತಿರುವುದು ಅವಳ ಬಾಯಿಗೆ ಈ ಮಂತ್ರ ತುರುಕಿದವರನ್ನು. ಯಾಕೆಂದರೆ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ಸಂಸ್ಥೆ ತಾನೇ ಬರೆದು ತಿಳಿಸಿದೆ. ಅಂಗಡಿ, ಹೋಟೆಲುಗಳ ಹುಡುಕಾಟದಲ್ಲಿ ಅದು ನೋಡುವುದು ಮುಖ್ಯವಾಗಿ ಮೂರು ಸಂಗತಿ: ಕೇಳಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಕೇಳಿದವನಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಚಾಮರಾಜಪೇಟೆಯಲ್ಲಿ ನಿಂತು ಬೇಕರಿ ಹುಡುಕಿದವನಿಗೆ ರಾಜಾಜಿನಗರದ ಬೇಕರಿ ಮೊದಲು ಕಾಣಬೇಕಾದರೆ ರಾಜಾಜಿನಗರವನ್ನೇ ಕಿತ್ತು ತಂದು ಪಕ್ಕದಲ್ಲಿ ನೆಡಬೇಕು.

ನೆಡಲಾಗದವರು ಹೆಸರನ್ನೇ ಬದಲಾಯಿಸುತ್ತಾರೆ. ನ್ಯೂಯಾರ್ಕಿನಲ್ಲಿ ಒಂದು ಹೋಟೆಲಿನ ಹೆಸರೇ ‘ಥಾಯ್ ಫುಡ್ ನಿಯರ್ ಮಿ’. ಜನ ಹುಡುಕುವ ಮಾತನ್ನೇ ಬೋರ್ಡಿಗೆ ಬರೆಸಿಬಿಟ್ಟರೆ ಮುಗೀತಲ್ಲ! ದಪ್ಪ ಟೆಲಿಫೋನ್ ಡೈರೆಕ್ಟರಿಗಳ ಕಾಲದಲ್ಲಿ ಅಕ್ಷರಮಾಲೆಯ ಮೊದಲಿಗೆ ಬರಲೆಂದು ‘ಎಎಎ’, ‘ಎ-1’ ಎಂದೆಲ್ಲ ಹೆಸರಿಟ್ಟುಕೊಂಡವರ ಮೊಮ್ಮಕ್ಕಳಿವರು. ನಮ್ಮವರು ‘ನನ್ನ ಹತ್ತಿರದ ಬೆಣ್ಣೆ ದೋಸೆ’ ಎಂದು ಬೋರ್ಡು ಹಾಕುವ ದಿನವೂ ದೂರವಿಲ್ಲ.

ಇಷ್ಟೆಲ್ಲ ಸರ್ಕಸ್ಸು ಮಾಡಿ ಮೇಲೆ ಹತ್ತಿದವನ ಗತಿಯಾದರೂ ಏನು? 2024ರ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ಲು ತಾನೇ ಕೃತಕ ಬುದ್ಧಿಯಿಂದ ಉತ್ತರ ಬರೆದು ಎಲ್ಲಕ್ಕಿಂತ ಮೇಲೆ ಕೂರಿಸತೊಡಗಿತು. ಅದರ ಜೊತೆಗೆ ಕಾಸು ಕೊಟ್ಟವರ ಜಾಹೀರಾತು, ಮ್ಯಾಪು. ಇವೆಲ್ಲ ಮುಗಿದ ಮೇಲೆ ನಮ್ಮ ನಂಬರ್ ಒನ್ ಮಹಾಶಯರ ದರ್ಶನ. ಮೊದಲನೆಯವರೇ, ಇಲ್ಲವೆಂದವರಾರು? ಬೆರಳು ನೋಯುವಷ್ಟು ಪರದೆ ತಳ್ಳಬೇಕು, ಅಷ್ಟೇ.

ನಮ್ಮ ಬೀದಿಯಲ್ಲೊಬ್ಬ ಹುಡುಗನಿದ್ದಾನೆ. ಇಂಜಿನಿಯರಿಂಗ್ ಓದಿ, ಒಂದೆರಡು ಕಡೆ ಕೆಲಸ ಮಾಡಿ, ‘ಬಾಸು ಅನ್ನೋ ಪ್ರಾಣಿಯೇ ಬೇಡ’ ಎಂದು ಸ್ವಂತಕ್ಕೆ ಇಳಿದವನು. ಸಣ್ಣಪುಟ್ಟ ಅಂಗಡಿ, ವರ್ಕ್‌ಶಾಪುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾನೆ. ಅಂದರೆ, ಯಾರಾದರೂ ಕೇಳಿದರೆ ಮಾಡಿಕೊಡಲು ತಯಾರಾಗಿ ಕೂತಿದ್ದಾನೆ. ಅವನ ಸ್ವಂತ ವೆಬ್‌ಸೈಟನ್ನು ನೀವು ನೋಡಬೇಕು. ತೆರೆದ ಕೂಡಲೇ ಭೂಗೋಳ ಗಿರಗಿರನೆ ತಿರುಗುತ್ತದೆ. ಕೆಳಗೆ ಕೋಟು ತೊಟ್ಟ ಬಿಳಿಯರು ನಗುತ್ತ ಕೈ ಕುಲುಕುತ್ತಿರುತ್ತಾರೆ. ಇವನು ಹಿಡಿಯಬೇಕೆಂದಿರುವ ಗಿರಾಕಿ ನಮ್ಮ ಬೇಕರಿಯ ಯಜಮಾನರು, ತರಕಾರಿ ಮಂಡಿಯವರು, ಗ್ರಿಲ್ ಬೆಸುಗೆ ಹಾಕುವವರು. ಆ ಬಿಳಿಯರ ಕೈ ಕುಲುಕಲು ಇವರಲ್ಲಿ ಯಾರಿಗೂ ಪುರುಸೊತ್ತಿಲ್ಲ.

“ಅಂಕಲ್, ಏರಿಯಾ ಹೆಸರು ಹಾಕಿ ‘ಬೆಸ್ಟ್ ವೆಬ್ ಡಿಸೈನರ್’ ಅಂತ ಹೊಡೀರಿ, ನಾನು ಎರಡನೆಯವನು,” ಎಂದ ಒಂದು ದಿನ.

“ಹಾಗಂತ ಯಾರಪ್ಪಾ ಹೊಡೀತಾರೆ?”

ಯೋಚಿಸಿದ. “ನಾನು ಹೊಡೀತೀನಿ. ದಿನಾ ಬೆಳಿಗ್ಗೆ.”

ಅಲ್ಲೇ ಇರುವುದು ಗುಟ್ಟು. ಸಣ್ಣ ವ್ಯಾಪಾರಿ ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆ ಬಿಟ್ಟು ಏಳುವಂತಿಲ್ಲ. ಅವನಿಗೆ ಫ್ರಿಜ್ ಕೆಟ್ಟರೂ, ಲೆಕ್ಕ ಬರೆಯುವವರು ಬೇಕಾದರೂ, ಬೋರ್ಡು ಬರೆಸಬೇಕಾದರೂ ಎದುರಿನ ಮೆಡಿಕಲ್ ಸ್ಟೋರಿನವರ ಕಡೆ ಕತ್ತು ಚಾಚಿ ಕೇಳುತ್ತಾನೆ: “ನಿಮ್ದು ಯಾರು ಮಾಡಿದ್ದು? ಹೆಂಗೆ ಮನುಷ್ಯ?” ಈ ಎರಡನೆಯ ಪ್ರಶ್ನೆಯೇ ಮುಖ್ಯ. ಸಣ್ಣ ವ್ಯಾಪಾರಿಗೆ ಇರುವುದು ಒಳ್ಳೆಯ ಕೆಲಸಗಾರ ಸಿಗನೆಂಬ ಚಿಂತೆಗಿಂತ, ಮುಂಗಡ ಇಸಕೊಂಡು ಫೋನ್ ಆಫ್ ಮಾಡಿಕೊಂಡುಬಿಟ್ಟಾನೆಂಬ ಭಯ. ಹಿಂದೊಮ್ಮೆ ಯಾರೋ ಹಾಗೆ ಮಾಡಿರುತ್ತಾರೆ ಕೂಡ. ಆ ಭಯಕ್ಕೆ ಗೂಗಲ್ಲಿನ ರ‍್ಯಾಂಕು ಮದ್ದಲ್ಲ.

ಅನುಮಾನವಿದ್ದರೆ, ಗಿರಾಕಿಗಳನ್ನು ಕರೆಯಲೇಬಾರದು ಎಂದು ಕಾನೂನೇ ಕೈಕಟ್ಟಿರುವವರನ್ನು ನೋಡಿ. ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. 2008ರಲ್ಲಿ ಕೊಂಚ ಸಡಿಲಿಸಿ, ಹೆಸರು, ವಿಳಾಸ, ಫೋನು, ವಿದ್ಯಾರ್ಹತೆ, ಯಾವ ಬಗೆಯ ಕೇಸು ಎಂಬಷ್ಟನ್ನು ಮಾತ್ರ ವೆಬ್‌ಸೈಟಿನಲ್ಲಿ ಹಾಕಿಕೊಳ್ಳಬಹುದು ಎಂದರು. ಅದರಿಂದಾದ ತಮಾಷೆ ಏನೆಂದರೆ, ದೊಡ್ಡ ವಕೀಲರ ಸಂಸ್ಥೆಯ ವೆಬ್‌ಸೈಟಿಗೆ ಹೋದರೆ ಬಾಗಿಲಲ್ಲೇ ಒಂದು ಚೀಟಿ ಅಡ್ಡ ಬರುತ್ತದೆ. ‘ನಾನು ನನ್ನ ಇಚ್ಛೆಯಿಂದಲೇ ಬಂದಿದ್ದೇನೆ. ನನ್ನನ್ನು ಯಾರೂ ಕರೆದಿಲ್ಲ, ಯಾರೂ ಪುಸಲಾಯಿಸಿಲ್ಲ’ ಎಂಬರ್ಥದ ಮಾತಿಗೆ ಒಪ್ಪಿಗೆಯ ಗುಂಡಿ ಒತ್ತಿದರೆ ಮಾತ್ರ ಒಳಗೆ ಪ್ರವೇಶ. ಬಂದವನ ಕೈಯಲ್ಲೇ ‘ಕರೆಯದೇ ಬಂದೆ’ ಎಂದು ಬರೆಸಿಕೊಳ್ಳುವ ಅಂಗಡಿ ಜಗತ್ತಿನಲ್ಲಿ ಇನ್ನೆಲ್ಲಿದೆ ಹೇಳಿ! 2024ರಲ್ಲಿ ಮದ್ರಾಸ್ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆನ್‌ಲೈನ್ ಪಟ್ಟಿಗಳಲ್ಲಿ ವಕೀಲಿಕೆಯನ್ನು ಸರಕಿನಂತೆ ಮಾರುವುದರ ವಿರುದ್ಧ ಕ್ರಮ ತೆಗೆದುಕೊಳ್ಳಿ ಎಂದು ಪರಿಷತ್ತಿಗೆ ತಾಕೀತು ಮಾಡಿತು. ಚಾರ್ಟರ್ಡ್ ಅಕೌಂಟೆಂಟರಿಗೂ 1949ರ ಕಾಯ್ದೆಯಿಂದ ಇಂಥದೇ ಕಟ್ಟು. ಕಾಲಕಾಲಕ್ಕೆ ಗಂಟು ಸ್ವಲ್ಪ ಸಡಿಲವಾಗಿದೆ, ಬಿಚ್ಚಿಲ್ಲ. ಹಾಗಂತ ಇವರು ಯಾರಾದರೂ ಹಸಿದುಕೊಂಡಿದ್ದಾರೆಯೇ? ಒಳ್ಳೆಯ ಆಡಿಟರ ಆಫೀಸಿಗೆ ಜುಲೈ ತಿಂಗಳಲ್ಲಿ ಹೋಗಿ ನೋಡಿ, ಕೂರಲು ಕುರ್ಚಿ ಇರುವುದಿಲ್ಲ. ಕರೆಯುವಂತಿಲ್ಲ ಎಂದಾಗ, ಬಂದವರು ಹೊರಗೆ ಹೋಗಿ ನಾಲ್ಕು ಜನರಿಗೆ ಹೇಳುವಂತೆ ಕೆಲಸ ಮಾಡದೆ ಬೇರೆ ದಾರಿಯಿಲ್ಲ ನೋಡಿ.

‘ಅದೆಲ್ಲ ಹಳೇ ಕಾಲದ ಬಾಯಿಮಾತು, ಆನ್‌ಲೈನಿನಲ್ಲಿ ಹೇಗೆ ಸ್ವಾಮಿ?’ ಎಂದು ಹುಡುಗ ಕೇಳಿದ. ಅವನಿಗೆ ಜಿಎಸ್‌ಟಿ ಮೇಷ್ಟ್ರ ಕಥೆ ಹೇಳಬೇಕಾಯಿತು.

ಮೇಷ್ಟ್ರು ಆಡಿಟರಲ್ಲ. ಟ್ಯುಟೋರಿಯಲ್ಲಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದವರು, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಪರೀಕ್ಷೆ ಕಟ್ಟಿ ಜಿಎಸ್‌ಟಿ ಪ್ರಾಕ್ಟೀಷನರ್ ಆದರು. ವೆಬ್‌ಸೈಟಿಲ್ಲ, ವಿಸಿಟಿಂಗ್ ಕಾರ್ಡಿನ ಹಿಂದೆ ಹಾಲಿನ ಲೆಕ್ಕ. ಇಂಥವರ ದೆಸೆ ತಿರುಗಿದ್ದು 2025ರ ಜುಲೈನಲ್ಲಿ. ಆ ದಿನಗಳು ನಿಮಗೂ ನೆನಪಿರಬೇಕು. ಯುಪಿಐ ಮೂಲಕ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಕೋಡಿನ ಮೇಲೆ ಕಾಗದ ಅಂಟಿತು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಐದು ರೂಪಾಯಿಯ ಟೀಗೂ ಫೋನು ಚಾಚುತ್ತಿದ್ದವರು ಎಟಿಎಂ ಹುಡುಕಿಕೊಂಡು ಹೊರಟರು. ಜುಲೈ 25ಕ್ಕೆ ಬಂದ್ ಎಂದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮೇಲೆ ಬಂದ್ ನಿಂತಿತು.

ಈ ಗದ್ದಲದ ನಡುವೆ ಊರಿನ ತೆರಿಗೆ ಸಲಹೆಗಾರರೆಲ್ಲ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ರೇಟ್ ಕಾರ್ಡು ಹಂಚತೊಡಗಿದರು. ‘ನೋಟಿಸ್ ಬಂದಿದೆಯೇ? ಕೂಡಲೇ ಸಂಪರ್ಕಿಸಿ!’ ಕೆಂಪಕ್ಷರ, ಮೂರು ಆಶ್ಚರ್ಯಸೂಚಕ ಚಿಹ್ನೆ. ಹೆದರಿದವನನ್ನು ಇನ್ನಷ್ಟು ಹೆದರಿಸಿ ಗಿರಾಕಿ ಮಾಡಿಕೊಳ್ಳುವ ವಿದ್ಯೆ. ಮೇಷ್ಟ್ರು ಏನು ಮಾಡಿದರು? ಕಿರಾಣಿ ಅಂಗಡಿಯವರ ಗುಂಪಿಗೆ ಒಂದು ಧ್ವನಿಸಂದೇಶ ಹಾಕಿದರು, ಪಾಠ ಮಾಡುವ ದನಿಯಲ್ಲಿ. “ನೋಡ್ರಪ್ಪಾ, ಮೊದಲು ನೀರು ಕುಡೀರಿ. ನೋಟಿಸ್ ಅಂದ್ರೆ ದಂಡ ಅಲ್ಲ, ಕೇಳಿರೋ ಪ್ರಶ್ನೆ, ಉತ್ತರ ಕೊಡಬೇಕು. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ಮಾತ್ರ ನೋಂದಣಿ. ಬರೀ ಹಾಲು, ತರಕಾರಿ ಮಾರ್ತಿದ್ರೆ ಅದಕ್ಕೆ ತೆರಿಗೆಯೇ ಇಲ್ಲ, ಹಾಗಂತ ಬರೆದುಕೊಡಿ, ಅದಕ್ಕೆ ನನ್ನ ಹತ್ರ ಬಂದು ದುಡ್ಡು ದಂಡ ಮಾಡಬೇಡಿ. ಇನ್ನೊಂದು ಮಾತು, ಕ್ಯೂಆರ್ ಕೋಡು ಕಿತ್ತು ಹಾಕಿದ್ರೆ ತೆರಿಗೆ ಹೋಗಲ್ಲ. ಕ್ಯಾಶಿಗೂ ಅದೇ ಲೆಕ್ಕ.”

ಅಷ್ಟೇ. ಕೊನೆಯಲ್ಲಿ ತಮ್ಮ ಹೆಸರು, ನಂಬರು ಹೇಳಬೇಕೆನ್ನುವುದೂ ತೋಚಲಿಲ್ಲ. ಸಂದೇಶ ಮಾತ್ರ ಗುಂಪಿನಿಂದ ಗುಂಪಿಗೆ ಹೊರಟಿತು. ವಾಟ್ಸಾಪ್ ಸಂಸ್ಥೆ ಸುಳ್ಳು ಸುದ್ದಿಯ ಕಾಟಕ್ಕೆ 2018ರಲ್ಲಿ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿತು. 2020ರಿಂದ, ಕೈಯಿಂದ ಕೈಗೆ ಬಹಳ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅಂದರೆ ಮೇಷ್ಟ್ರ ದನಿ ಊರೆಲ್ಲ ಸುತ್ತಬೇಕಾದರೆ ಯಾರೋ ಒಬ್ಬೊಬ್ಬರೇ ಕೂತು, ‘ಇದು ನಮ್ಮ ಭಾವನಿಗೆ ಬೇಕು, ಇದು ಆ ಹೋಟ್ಲು ಅಣ್ಣನಿಗೆ ಬೇಕು’ ಎಂದು ಆರಿಸಿ ಆರಿಸಿ ಕಳಿಸಿದ್ದಾರೆ. ಜಾಹೀರಾತಿನ ಚಿತ್ರವನ್ನು ಯಾರು ಹಾಗೆ ಕಳಿಸುತ್ತಾರೆ? ವಾರದೊಳಗೆ ‘ಆ ನೀರು ಕುಡೀರಿ ಅಂದ ಮೇಷ್ಟ್ರು ಯಾರು?’ ಎಂದು ಹುಡುಕಿಕೊಂಡು ಬಂದವರು ಮನೆ ಮುಂದೆ ಚಪ್ಪಲಿ ಬಿಡಲು ಜಾಗವಿಲ್ಲದಂತೆ ಮಾಡಿದರು. ತಮಾಷೆಯೆಂದರೆ ಮೊದಲು ಬಂದವನು ಒಬ್ಬ ತರಕಾರಿಯವನು. ಅವನಿಗೆ ಮೇಷ್ಟ್ರ ಅಗತ್ಯವಿರಲಿಲ್ಲ. ‘ಅಗತ್ಯ ಇಲ್ಲ ಅಂತ ನಿಜ ಹೇಳಿದ್ರಲ್ಲ’ ಎಂದು ಬೀನ್ಸು ಕೊಟ್ಟು, ಲಕ್ಷಗಟ್ಟಲೆ ವಹಿವಾಟಿನ ಹಾರ್ಡ್‌ವೇರ್ ಅಂಗಡಿಯವನನ್ನು ಜೊತೆಯಲ್ಲಿ ಕರೆತಂದಿದ್ದ.

“ಮೇಷ್ಟ್ರಿಗೆ ಸ್ನೇಹಿತರು ಜಾಸ್ತಿ, ಅದಕ್ಕೇ,” ಎಂದ ಹುಡುಗ.

ಅಲ್ಲವೋ ಮಾರಾಯ! ಸ್ನೇಹಿತರು, ನೆಂಟರು ಗಿರಾಕಿಗಳಾದರೆ ಆಗುವುದು ಒಂದೇ: ‘ನಮ್ಮವರು’ ಎಂದು ಬಿಟ್ಟಿ ಮಾಡಿಸಿಕೊಳ್ಳುತ್ತಾರೆ, ಮೇಲೆ ತಡವಾಯಿತೆಂದು ಅತ್ತಿಗೆಯ ಹತ್ತಿರ ದೂರುತ್ತಾರೆ. ದುಡ್ಡು ಕೊಡುವ ಗಿರಾಕಿ ಬರುವುದು ಮುಖಪರಿಚಯದವರಿಂದ. ಇದು ನನ್ನ ಮಾತಷ್ಟೇ ಅಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಹಿಡಿದು, ‘ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಮಾಡ್ತಿದ್ರಿ?’ ಎಂದು ಕೇಳಿದರು. ಪದೇ ಪದೇ ನೋಡುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17. ಆಗೊಮ್ಮೆ ಈಗೊಮ್ಮೆ ಎಂದವರು 56ರ ಹತ್ತಿರ. ಮಿಕ್ಕವರ ಪಾಲಿಗೆ ಅಂಥವರ ಮುಖ ಕಂಡದ್ದೇ ಅಪರೂಪ. 1973ರಲ್ಲಿ ಅವರು ಬರೆದ ಲೇಖನ ಇವತ್ತಿಗೂ ಸಮಾಜಶಾಸ್ತ್ರದವರ ಬಾಯಲ್ಲಿದೆ. ಕಾರಣ ಸರಳ: ನಿಮ್ಮ ಆಪ್ತರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಇರುವುದು ಬೇರೆ ಬೀದಿಯಲ್ಲಿ ಓಡಾಡುವವರ ಹತ್ತಿರ. ಅದು ನೌಕರಿಯ ಲೆಕ್ಕ, ಗಿರಾಕಿಯ ಲೆಕ್ಕವಲ್ಲ ಎಂದು ನೀವು ತಕರಾರು ತೆಗೆಯಬಹುದು. ತೆಗೆಯಿರಿ; ತರಕಾರಿಯವನು ಹಾರ್ಡ್‌ವೇರಿನವನನ್ನು ಕರೆತಂದದ್ದಂತೂ ಸುಳ್ಳಲ್ಲ.

ಈ ಮುಖಪರಿಚಯವನ್ನೇ ಉಪ್ಪಿನಕಾಯಿ ಹಾಕಿ ಭರಣಿಯಲ್ಲಿಟ್ಟವರೂ ಇದ್ದಾರೆ. 1985ರಲ್ಲಿ ಅಮೆರಿಕದ ಐವನ್ ಮಿಸ್ನರ್ ಶುರು ಮಾಡಿದ ಬಿಎನ್‌ಐ ಕೂಟಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಒಂದು ಕೂಟದಲ್ಲಿ ಒಂದು ಕಸುಬಿಗೆ ಒಬ್ಬರೇ, ವಾರಕ್ಕೊಮ್ಮೆ ಬೆಳ್ಳಂಬೆಳಿಗ್ಗೆ ಸಭೆ, ಒಬ್ಬರಿಗೊಬ್ಬರು ಗಿರಾಕಿ ಕಳಿಸಬೇಕು. ಕೊರೊನಾ ಕಾಲದಲ್ಲಿ ಇದೆಲ್ಲ ಝೂಮಿಗೆ ಹೋಯಿತು. ಮೇಲೆ ಕೋಟು, ಕೆಳಗೆ ಪಂಚೆ. ಬೆಳಿಗ್ಗೆ ಏಳುವ ಅಭ್ಯಾಸವಿದ್ದವರಿಗೆ ಒಳ್ಳೆಯದೇ. ಲಿಂಕ್ಡ್‌ಇನ್ ಬಗ್ಗೆ ಕೇಳಬೇಡಿ. ಅಲ್ಲಿ ಎಲ್ಲರೂ ಎಲ್ಲರನ್ನೂ ಅಭಿನಂದಿಸುತ್ತಿರುತ್ತಾರೆ, ಬೇಕರಿಯವರು ಮಾತ್ರ ಇರುವುದಿಲ್ಲ.

ಮೇಷ್ಟ್ರು ಈಗ ತಿಂಗಳಿಗೊಂದು ಚಿತ್ರ ಕಳಿಸುತ್ತಾರೆ. ಪಂಚಾಂಗದ ಥರ ಇದೆ ಅದು: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ನಡುವೆ ಏಕಾದಶಿ, ಸಂಕಷ್ಟಿ. ವ್ಯಾಪಾರಿಗಳ ಮನೆಯ ಹೆಂಗಸರೂ ಅದನ್ನು ಇಟ್ಟುಕೊಳ್ಳುತ್ತಾರೆ. “ರೀ, ನಾಳೆ ಸಂಕಷ್ಟಿ, ನಾಡಿದ್ದು 3ಬಿ,” ಎಂದು ನೆನಪಿಸುವವರು ಅವರೇ. ಚಿನ್ನದಂಗಡಿ, ಬಟ್ಟೆಯಂಗಡಿಯವರು ಹೊಸ ವರ್ಷಕ್ಕೆ ಕ್ಯಾಲೆಂಡರ್ ಕೊಡುತ್ತಿದ್ದುದು ಸುಮ್ಮನೆಯೇ? ನಮ್ಮ ಅಡುಗೆಮನೆಯ ಗೋಡೆಯಲ್ಲಿ ವರ್ಷವಿಡೀ ಬಾಡಿಗೆಯಿಲ್ಲದೆ ನೇತಾಡುವ ಉಪಾಯ. ಫ್ರಾನ್ಸಿನ ಮಿಶೆಲಿನ್ ಸಹೋದರರು ಮಾಡಿದ್ದೂ ಅದನ್ನೇ. 1900ರಲ್ಲಿ ಆ ದೇಶದಲ್ಲಿ ಮೂರು ಸಾವಿರ ಕಾರುಗಳೂ ಇರಲಿಲ್ಲ. ಟೈರು ಯಾರಿಗೆ ಮಾರುವುದು? ಗ್ಯಾರೇಜು ಎಲ್ಲಿದೆ, ತಂಗಲು ಹೋಟೆಲು ಎಲ್ಲಿ, ಟೈರು ಬದಲಿಸುವುದು ಹೇಗೆ ಎಂದು ಪುಸ್ತಕ ಮಾಡಿ ಪುಕ್ಕಟೆ ಹಂಚಿದರು. ಜನ ಹೆಚ್ಚು ಓಡಾಡಿದಷ್ಟೂ ಟೈರು ಸವೆಯುತ್ತದೆ! ಇಪ್ಪತ್ತು ವರ್ಷವಾದ ಮೇಲೆ ಆ ಪುಸ್ತಕ ಯಾವುದೋ ಗ್ಯಾರೇಜಿನಲ್ಲಿ ಬೆಂಚಿನ ಕಾಲಿಗೆ ಒತ್ತು ಕೊಟ್ಟಿದ್ದು ಕಂಡು ಬೆಲೆ ಇಟ್ಟರೆಂದು ಕಥೆಯಿದೆ. ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಅದೇ.

ನಕ್ಷತ್ರವೆಂದಾಗ ನೆನಪಾಯಿತು. ಆನ್‌ಲೈನಿನಲ್ಲಿ ಸಣ್ಣ ವ್ಯಾಪಾರಿಗಳೆಲ್ಲ ಬೇಡುವುದು ಐದು ನಕ್ಷತ್ರದ ವಿಮರ್ಶೆ. ಮೊದಲ ಐದಾರನ್ನು ಓದಿದರೆ ಮನೆಯ ಪಡಿತರ ಚೀಟಿ ಓದಿದ ಹಾಗಾಗುತ್ತದೆ: ಒಂದೇ ಅಡ್ಡಹೆಸರು, ಎಲ್ಲರದೂ ‘ಸೂಪರ್ ಸರ್ವಿಸ್’. ಇಂಥದ್ದನ್ನು ತಡೆಯಲೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಭಾವಮೈದುನರಿಗೆ ಅದು ಇನ್ನೂ ತಲುಪಿದಂತಿಲ್ಲ. ನನ್ನ ಅಭ್ಯಾಸ ಬೇರೆ. ನಾನು ಮೊದಲು ಓದುವುದು ಒಂದು ನಕ್ಷತ್ರದ ಬೈಗುಳ, ಅದರ ಕೆಳಗೆ ಯಜಮಾನರು ಕೊಟ್ಟ ಉತ್ತರ. “ನೀವು ನಮ್ಮ ಗಿರಾಕಿಯೇ ಅಲ್ಲ, ಎದುರಾಳಿ ಕಳಿಸಿದವರು” ಎಂದು ರೇಗಿದ್ದರೆ ದೂರ ಉಳಿಯುತ್ತೇನೆ. “ಆವತ್ತು ಓವನ್ ಕೆಟ್ಟಿತ್ತು, ಬನ್ನಿ, ಬೇರೆ ಕೇಕ್ ಕೊಡ್ತೀವಿ” ಎಂದಿದ್ದರೆ ಸಂಜೆಯೇ ಹೋಗುತ್ತೇನೆ.

ಇಷ್ಟು ಕೊರೆದ ಮೇಲೆ ಹುಡುಗ ನೇರವಾಗಿ ಕೇಳಿದ: “ಸರಿ ಅಂಕಲ್, ನಾನೀಗ ಏನ್ ಮಾಡ್ಲಿ?”

“ನಿನ್ನ ಫೋನ್ ಕೊಡು. ಪ್ಲಂಬರ್ ಬೇಕು ಅಂದ್ರೆ ಎಲ್ಲಿ ಹುಡುಕ್ತೀಯ?”

ಅವನು ಗೂಗಲ್ಲಿಗೆ ಹೋಗಲಿಲ್ಲ. ಫೋನಿನ ಕಾಂಟ್ಯಾಕ್ಟಿನಲ್ಲಿ ‘ಪ್ಲಂ’ ಎಂದು ಹೊಡೆದ. ‘ಪ್ಲಂಬರ್ ಹಳಬ’, ‘ಪ್ಲಂಬರ್ ಹೊಸಬ’, ‘ಪ್ಲಂಬರ್ ಬರಲ್ಲ’ ಎಂದು ಮೂರು ಹೆಸರು ಬಂದವು. ಆ ಮೂರನೆಯವನಿಗೆ ಗೂಗಲ್ಲಿನಲ್ಲಿ ಯಾವ ಸ್ಥಾನವಿದ್ದರೇನು? ವಾಟ್ಸಾಪಿಗೂ ಈ ಸೂಕ್ಷ್ಮ ಗೊತ್ತು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ತುಂಬಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಹೋಗುತ್ತದೆ. ಮೇಷ್ಟ್ರ ತಾಯಿತಂದೆ ಇಟ್ಟ ಹೆಸರು ಈ ಬಡಾವಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರ ಫೋನಿನಲ್ಲೂ ಅವರು ‘ಜಿಎಸ್‌ಟಿ ಮೇಷ್ಟ್ರು’.

ಹುಡುಗನಿಗೆ ಅರ್ಥವಾಯಿತೋ, ನನ್ನಿಂದ ತಪ್ಪಿಸಿಕೊಳ್ಳಬೇಕೆನಿಸಿತೋ, ಎದ್ದು ಸೀದಾ ಬೇಕರಿಗೆ ಹೋದ. ವೆಬ್‌ಸೈಟಿನ ಮಾತೆತ್ತಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಆ ಬೇಕರಿ ಭಾನುವಾರ ‘ಮುಚ್ಚಿದೆ’ ಎಂದು ತೋರಿಸುತ್ತಿತ್ತು, ಇವರದು ಭಾನುವಾರವೇ ಭರ್ಜರಿ ವ್ಯಾಪಾರ. ಕೊಟ್ಟಿದ್ದ ನಂಬರು ಹಿಂದಿನ ಬಾಡಿಗೆದಾರನದು. ಯಜಮಾನರ ಫೋನಿನಲ್ಲೇ ಅಂಗಡಿಯ ವಿಡಿಯೊ ತೆಗೆಸಿ, ಪ್ರೊಫೈಲು ಅವರ ಹೆಸರಿಗೆ ಮಾಡಿಸಿ, ವೇಳೆ ತಿದ್ದಿಕೊಟ್ಟ. ಗೂಗಲ್ಲು ಅದಕ್ಕೆ ಕಾಸು ಕೇಳುವುದಿಲ್ಲ, ಇವನೂ ಕೇಳಲಿಲ್ಲ. ಎದುರಿನ ಮೆಡಿಕಲ್ಲಿನವರು ಕತ್ತು ಚಾಚಿ, “ನಮ್ದೂ ನೋಡು” ಎಂದರು.

ಬೇಕರಿಯವರು ಇವತ್ತಿನವರೆಗೂ ವೆಬ್‌ಸೈಟ್ ಮಾಡಿಸಿಲ್ಲ. ಮಾಡಿಸುವುದೂ ಇಲ್ಲ, ಖಾರಾ ಬನ್ನಿಗೆ ವೆಬ್‌ಸೈಟು ಯಾಕೆ? ಆದರೆ ಅವರಿಗೆ ಕೇಕ್ ಡಬ್ಬ ತಂದುಕೊಡುವ ಕಾಮಾಕ್ಷಿಪಾಳ್ಯದ ಮನುಷ್ಯ ಒಬ್ಬರಿದ್ದಾರೆ, ಊರಿನ ಅರ್ಧ ಬೇಕರಿಗಳಿಗೆ ಓಡಾಡುವವರು. ತಿಂಗಳು ಕಳೆಯುವುದರೊಳಗೆ ಅವರ ಫೋನು ಬಂತು. “ಭಾನುವಾರದ ಟೈಮ್ ಸರಿಮಾಡಿದ ಹುಡುಗ ನೀನೇನಪ್ಪಾ? ನಮ್ಮ ಡಬ್ಬಗಳದ್ದೆಲ್ಲ ಫೋಟೊ, ಸೈಜು, ರೇಟು ಹಾಕಿ ಒಂದು ವೆಬ್‌ಸೈಟ್ ಬೇಕಿತ್ತು. ಮೊದಲು ನಿಂದು ತೋರ್ಸು, ಹೆಂಗೆ ಮಾಡ್ತೀಯ ನೋಡಣ.”

ಹುಡುಗ ಹಿಗ್ಗಿ ಲಿಂಕು ಕಳಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಇವನು ಬೇಕರಿ, ಮೆಡಿಕಲ್ಲು ಎಂದು ಓಡಾಡುವ ಭರದಲ್ಲಿ ತನ್ನ ಡೊಮೇನನ್ನು ರಿನ್ಯೂ ಮಾಡಿಸುವುದನ್ನೇ ಮರೆತಿದ್ದ. ಭೂಗೋಳವೂ ಇಲ್ಲ, ಬಿಳಿಯರೂ ಇಲ್ಲ.

“ಏನೂ ಬರ್ತಿಲ್ಲವಲ್ಲಪ್ಪಾ,” ಎಂದರು ಡಬ್ಬದವರು. “ಇರ್ಲಿ ಬಿಡು, ಬೇಕರಿಯವರು ಹೇಳವ್ರೆ. ಮೊದಲು ನಿಂದು ಸರಿಮಾಡ್ಕೊ, ಸೋಮವಾರ ಬಂದು ಅಡ್ವಾನ್ಸ್ ಇಸ್ಕೊಂಡು ಹೋಗು.”